ಗೂಡ್ಸ್ ರೈಲು ರಸ್ತೆ ಮೇಲೇ ನಿಂತುಬಿಟ್ಟರೆ ಕೇಳೋರು ಯಾರು? ರಾಜ್ಯದ ಕಾನೂನು ಲೆಕ್ಕಕ್ಕೇ ಇಲ್ವಾ?

ಹೇಮಾವತಿ_ದಡ
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರೋರಿಗೆ, ಅದರಲ್ಲೂ ಓಹಾಯೊ, ಇಂಡಿಯಾನಾ, ಇಲಿನಾಯ್ ಕಡೆಯವರಿಗೆ ಒಂದು ಪ್ರಶ್ನೆ.

ನಾವಿರೋದು ಓಹಾಯೊದ ಒಂದು ಸಣ್ಣ ಊರು. ನಮ್ಮ ಬಡಾವಣೆಗೂ ಪೇಟೆಗೂ ಮಧ್ಯೆ ರೈಲು ಹಳಿ. ಮೇಲ್ಸೇತುವೆ ಇಲ್ಲ, ಅಂಡರ್‌ಪಾಸ್ ಇಲ್ಲ, ಬರೀ ಲೆವೆಲ್ ಕ್ರಾಸಿಂಗ್. ರೈಲು ಹಾದುಹೋಗೋದಾದ್ರೆ ಬೇಜಾರಿಲ್ಲ, ಕಾಯ್ತೀವಿ. ಆದರೆ ಈ ಗೂಡ್ಸ್ ಬಂದು ರಸ್ತೆ ಮೇಲೇ ನಿಂತುಬಿಡುತ್ತೆ. ಒಂದೊಂದು ಸಲ ಮುಕ್ಕಾಲು ಗಂಟೆ, ಒಂದೊಂದು ಸಲ ಇನ್ನೂ ಜಾಸ್ತಿ. ಗೇಟಿನ ಕೆಂಪು ದೀಪ ಮಿಣುಕ್ತಾ ಇರುತ್ತೆ, ಡಬ್ಬಿ ಮಾತ್ರ ಅಲ್ಲಾಡಲ್ಲ.

ಕಳೆದ ತಿಂಗಳು ಊರಿಂದ ಬಂದಿದ್ದ ನಮ್ಮ ಮಾವನವರಿಗೆ ರಾತ್ರಿ ಹೊತ್ತಲ್ಲಿ ಶುಗರ್ ಇದ್ದಕ್ಕಿದ್ದಂತೆ ಇಳಿದು ಮಾತು ತೊದಲೋಕೆ ಶುರುವಾಯ್ತು. 911ಕ್ಕೆ ಫೋನ್ ಮಾಡಿದ್ವಿ. ಆಂಬುಲೆನ್ಸ್ ಹಳಿಯ ಆ ಕಡೆ, ನಾವು ಈ ಕಡೆ, ನಡುವೆ ನಿಂತ ಗೂಡ್ಸ್. ಅವರು ಹೆದ್ದಾರಿ ಸುತ್ತಿ ಬರೋ ತನಕ ಪಕ್ಕದ ಮನೆಯ ನರ್ಸ್ ಬಂದು ಕೂತು ನೋಡಿಕೊಂಡರು. ಮಾವ ಈಗ ಆರಾಮಾಗಿದ್ದಾರೆ. ಆದರೆ ಆ ರಾತ್ರಿ ನೆನೆಸಿಕೊಂಡರೆ ಇವತ್ತಿಗೂ ಕೈಕಾಲು ನಡುಗುತ್ತೆ.

ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ರೈಲು ಸಾರ್ವಜನಿಕ ರಸ್ತೆಗೆ ಅಡ್ಡ ನಿಲ್ಲಬಾರದು ಅಂತ ಓಹಾಯೊ ಕಾನೂನೇ ಹೇಳುತ್ತೆ. ಓದಿದೀನಿ, ಸ್ಪಷ್ಟವಾಗಿ ಬರೆದಿದೆ. ಪೊಲೀಸ್ ಠಾಣೆಗೆ ಹೋಗಿ ಕೇಳಿದ್ರೆ "ಈಗ ನಾವು ಆ ಕೇಸ್ ಹಾಕೋ ಹಾಗಿಲ್ಲ" ಅಂದ್ರು. ಕಾನೂನು ಪುಸ್ತಕದಲ್ಲಿದೆ, ಕೇಸ್ ಹಾಕೋ ಹಾಗಿಲ್ಲ ಅಂದ್ರೆ ಏನರ್ಥ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಕಾಕಾ_ಕ್ಲೀವ್‌ಲ್ಯಾಂಡ್
ನಮ್ಮಲ್ಲೂ ಇದೇ ಕಥೆ ಅಕ್ಕ. ಮಾವನವರು ಹುಷಾರಾದ್ರಲ್ಲ, ಅಷ್ಟು ಸಾಕು.

ಕಟಕಟೆ
ಮೇಡಂ, ಪೊಲೀಸರು ಹೇಳಿದ್ದು ನಿಜ. ನಾನು ಇಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಕೆಲಸ ಮಾಡ್ತೀನಿ, ಈ ವಿಷಯ ಹತ್ತಿರದಿಂದ ನೋಡಿದೀನಿ.

ನೀವು ಓದಿರೋದು ಓಹಾಯೊ ಸಂಹಿತೆಯ 5589.21ನೇ ಸೆಕ್ಷನ್. 2018ರಲ್ಲಿ ಮೇರಿಸ್‌ವಿಲ್ ಹತ್ತಿರ, ಹೋಂಡಾ ಕಾರ್ಖಾನೆ ಪಕ್ಕದ ಕ್ರಾಸಿಂಗ್‌ಗಳನ್ನ ತಡೆದರು ಅಂತ ಸಿಎಸ್‌ಎಕ್ಸ್ ಅನ್ನೋ ರೈಲು ಕಂಪನಿ ಮೇಲೆ ಇದೇ ಸೆಕ್ಷನ್ ಅಡಿ ಕೇಸ್ ಹಾಕಿದ್ರು. ಕೆಳಗಿನ ಕೋರ್ಟ್ ವಜಾ ಮಾಡ್ತು, ಮೇಲ್ಮನವಿ ಕೋರ್ಟ್ ರಾಜ್ಯದ ಪರ ನಿಂತಿತು. ಕೊನೆಗೆ 2022ರ ಆಗಸ್ಟ್‌ನಲ್ಲಿ ಓಹಾಯೊ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಡ್ತು. ರೈಲು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಒಕ್ಕೂಟ ಸರ್ಕಾರದ ವಿಷಯ, ರಾಜ್ಯ ಅದರಲ್ಲಿ ಕೈ ಹಾಕೋ ಹಾಗಿಲ್ಲ ಅಂತ. ರಾಜ್ಯ ವಾಷಿಂಗ್ಟನ್ನಿಗೆ ಹೋಯ್ತು. 2024ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಸೆಕ್ಷನ್ ಪುಸ್ತಕದಲ್ಲಿದೆ, ಜೀವ ಇಲ್ಲ.

ಹೇಮಾವತಿ_ದಡ
ಹಾಗಾದ್ರೆ ಒಕ್ಕೂಟ ಸರ್ಕಾರದ ಕಾನೂನು ಎಷ್ಟು ನಿಮಿಷ ಅನ್ನುತ್ತೆ?

ಕಟಕಟೆ
ಏನೂ ಅನ್ನಲ್ಲ. ನಿಂತ ರೈಲು ಇಷ್ಟು ನಿಮಿಷದಲ್ಲಿ ರಸ್ತೆ ಬಿಡಬೇಕು ಅನ್ನೋ ಕೇಂದ್ರದ ನಿಯಮವೇ ಇಲ್ಲ.

ಹೇಮಾವತಿ_ದಡ
ತಾನೂ ಮಾಡಲ್ಲ, ಮಾಡೋರಿಗೂ ಬಿಡಲ್ಲ. ಓದಿ ಹೊಟ್ಟೆ ಉರಿಯುತ್ತೆ.

ಮಂಡ್ಯ_ಟು_ಮಿಚಿಗನ್
ಕಟಕಟೆಯವರೇ, ಇದನ್ನ ನಾನು ಒಪ್ಪಲ್ಲ. 1970ರ ರೈಲು ಸುರಕ್ಷತಾ ಕಾಯ್ದೆಯಲ್ಲಿ ರಾಜ್ಯಗಳಿಗೆ ಜಾಗ ಇದೆ. ಯಾವ ವಿಷಯದ ಮೇಲೆ ಕೇಂದ್ರ ನಿಯಮ ಮಾಡಿಲ್ಲವೋ ಅದರ ಮೇಲೆ ರಾಜ್ಯ ಸುರಕ್ಷತಾ ಕಾನೂನು ಮಾಡಬಹುದು ಅಂತಾನೇ ಇದೆ. ಕೇಂದ್ರ ಮಾಡಿಲ್ಲ ಅಂತ ನೀವೇ ಹೇಳ್ತಿದ್ದೀರಿ. ಆಂಬುಲೆನ್ಸ್ ತಡೆಯೋದು ಸುರಕ್ಷತೆ ವಿಷಯ ಅಲ್ದೆ ಮತ್ತೇನು?

ಕಟಕಟೆ
ಒಳ್ಳೆ ಪ್ರಶ್ನೆ, ಓಹಾಯೊ ರಾಜ್ಯವೂ ಕೋರ್ಟಲ್ಲಿ ಇದೇ ದಾರಿ ಹಿಡಿದಿತ್ತು. ತೊಡಕು ಇರೋದು 1995ರ ಇನ್ನೊಂದು ಕಾಯ್ದೆಯಲ್ಲಿ. ಹಳೇ ಅಂತರರಾಜ್ಯ ವಾಣಿಜ್ಯ ಆಯೋಗವನ್ನ ತೆಗೆದು ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ಮಾಡಿದಾಗ, ರೈಲು ಸಾಗಣೆಯ ಮೇಲಿನ ಅಧಿಕಾರ ಪೂರ್ತಿ ಆ ಬೋರ್ಡಿನದ್ದೇ ಅಂತ ಬರೆದುಬಿಟ್ಟರು. ಐದು ನಿಮಿಷದ ಮಿತಿ ಪಾಲಿಸಬೇಕಾದ್ರೆ ಕಂಪನಿ ರೈಲಿನ ಉದ್ದ, ವೇಗ, ವೇಳಾಪಟ್ಟಿ ಎಲ್ಲಾ ಬದಲಿಸಬೇಕಾಗುತ್ತೆ. ಅಂದ್ರೆ ರಾಜ್ಯ ಪರೋಕ್ಷವಾಗಿ ರೈಲು ಓಡಿಸೋದನ್ನೇ ನಿಯಂತ್ರಿಸಿದ ಹಾಗೆ ಅನ್ನೋದು ವಾದ. ಇಂಡಿಯಾನಾ ಸುಪ್ರೀಂ ಕೋರ್ಟ್ 2018ರಲ್ಲೇ ತನ್ನ ರಾಜ್ಯದ ಇಂಥದ್ದೇ ಕಾನೂನನ್ನ ಬದಿಗಿಟ್ಟಿತ್ತು. ಒಕ್ಲಹಾಮಾದವರು 2019ರಲ್ಲಿ ಹತ್ತು ನಿಮಿಷದ ಮಿತಿ ಹಾಕಿದ್ರು, ಅದೂ 2022ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟಲ್ಲಿ ನಿಲ್ಲಲಿಲ್ಲ.

ಮಂಡ್ಯ_ಟು_ಮಿಚಿಗನ್
ಕೋರ್ಟ್ ಹೇಳಿದ್ದು ಕಾನೂನು ಸರಿ, ನ್ಯಾಯ ಅಂತ ನಾನು ಒಪ್ಪಲ್ಲ. ರಸ್ತೆ ಯಾರದ್ದು? ರಾಜ್ಯದ್ದು. ತೆರಿಗೆ ಯಾರದ್ದು? ಊರಿನವರದ್ದು. ರಸ್ತೆ ಮೇಲೆ ನಾನು ಕಾರು ಅಡ್ಡ ನಿಲ್ಲಿಸಿದ್ರೆ ಹತ್ತು ನಿಮಿಷದಲ್ಲಿ ಎತ್ತಿಕೊಂಡು ಹೋಗ್ತಾರೆ.

ಗ್ಯಾರಿ_ಗೌಡ
ಇಂಡಿಯಾನಾದ ಹ್ಯಾಮಂಡ್ ನಮಗೆ ಪಕ್ಕದೂರು. ಅಲ್ಲಿ ಶಾಲೆಗೆ ಹೋಗೋ ಮಕ್ಕಳು ನಿಂತ ಗೂಡ್ಸಿನ ಡಬ್ಬಿ ಅಡಿಯಲ್ಲಿ ನುಸುಳಿ, ಡಬ್ಬಿ ಜೋಡಿಸೋ ಕಪ್ಲಿಂಗ್ ಮೇಲೆ ಹತ್ತಿ ದಾಟೋದು 2023ರಲ್ಲಿ ದೇಶಕ್ಕೆಲ್ಲಾ ಸುದ್ದಿ ಆಯ್ತು. ಆ ರೈಲು ಯಾವ ಕ್ಷಣದಲ್ಲಿ ಹೊರಡುತ್ತೋ ಯಾರಿಗೂ ಗೊತ್ತಿರಲ್ಲ. ಬೆನ್ನಿಗೆ ಚೀಲ ಹಾಕ್ಕೊಂಡ ಸಣ್ಣ ಹುಡುಗಿ ಚಕ್ರದ ಪಕ್ಕ ಮಂಡಿಯೂರಿ ತೆವಳೋ ಚಿತ್ರ ನೋಡಿದ ಮೇಲೆ ನನಗೆ ಕಾಯ್ದೆಯ ಸೂಕ್ಷ್ಮ ಏನೂ ತಲೆಗೆ ಹೋಗಲ್ಲ ಸ್ವಾಮಿ.

ಡೀಸೆಲ್_ದಾವಣಗೆರೆ
ನಾನು ಇಲ್ಲಿ ಸರಕು ಸಾಗಣೆ ಯೋಜನೆ ಮಾಡೋ ಕೆಲಸದಲ್ಲಿದ್ದೆ. ಕಂಪನಿಗಳ ಪರ ವಾದ ಮಾಡ್ತಿಲ್ಲ, ರೈಲು ಯಾಕೆ ನಿಲ್ಲುತ್ತೆ ಅಂತ ಹೇಳ್ತೀನಿ.

ಒಂದು, ಮುಂದಿನ ಯಾರ್ಡಲ್ಲಿ ಜಾಗ ಇರಲ್ಲ, ಹೊರಗೇ ಕಾಯಬೇಕು. ಎರಡು, ಒಂಟಿ ಹಳಿ ಇರೋ ಕಡೆ ಎದುರಿಂದ ಬರೋ ರೈಲಿಗೆ ದಾರಿ ಬಿಡೋಕೆ ಲೂಪ್ ಲೈನಿಗೆ ಹೋಗಬೇಕು. ಆ ಲೂಪ್‌ಗಳನ್ನ ಕಟ್ಟಿದ್ದು ಹಳೇ ಕಾಲದ ಗಿಡ್ಡ ರೈಲುಗಳಿಗೆ. ಈಗಿನದ್ದು ಎರಡು ಮೈಲಿಗೂ ಉದ್ದ ಇರುತ್ತೆ, ಬಾಲ ಹೊರಗೇ ಉಳಿಯುತ್ತೆ, ಆ ಬಾಲ ನಿಮ್ಮೂರ ರಸ್ತೆ ಮೇಲೆ. ಮೂರು, ಚಾಲಕರು ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ಕೆಲಸ ಮಾಡೋ ಹಾಗಿಲ್ಲ, ಅದು ಕೇಂದ್ರದ ಕಾನೂನು. ಹೊತ್ತು ಮುಗಿದರೆ ರೈಲು ಇದ್ದಲ್ಲೇ ನಿಲ್ಲುತ್ತೆ, ಬದಲಿ ಚಾಲಕರು ವ್ಯಾನಲ್ಲಿ ಬರೋ ತನಕ.

"ರೈಲನ್ನ ಮಧ್ಯೆ ಬಿಡಿಸಿ ದಾರಿ ಮಾಡಿಕೊಡಿ" ಅಂತ ಜನ ಕೇಳ್ತಾರೆ. ಒಬ್ಬ ಕಂಡಕ್ಟರ್ ಇಂಜಿನ್ನಿಂದ ಇಳಿದು ಜಲ್ಲಿ ಮೇಲೆ ಮೈಲಿ ನಡೆದು, ಡಬ್ಬಿಗಳಿಗೆ ಕೈಬ್ರೇಕ್ ಹಾಕಿ, ಕಪ್ಲಿಂಗ್ ಬಿಚ್ಚಬೇಕು. ಮತ್ತೆ ಜೋಡಿಸಿದ ಮೇಲೆ ಗಾಳಿ ಬ್ರೇಕ್ ಪರೀಕ್ಷೆ ಆಗಬೇಕು. ಹಿಮ ಬೀಳೋ ರಾತ್ರಿ ಅದನ್ನ ಮಾಡೋನೂ ಮನುಷ್ಯನೇ.

ಮಂಡ್ಯ_ಟು_ಮಿಚಿಗನ್
ಅಣ್ಣಾ, ಕೆಲಸಗಾರನ ಮೇಲೆ ಯಾರೂ ಸಿಟ್ಟಾಗಿಲ್ಲ. ಎರಡು ಮೈಲಿ ರೈಲು ಓಡಿಸಬೇಕು ಅಂತ ತೀರ್ಮಾನ ಮಾಡಿದ್ದು ಅವನಲ್ಲ. ಲೂಪ್ ಉದ್ದ ಮಾಡೋಕೆ ದುಡ್ಡು ಹಾಕಲ್ಲ, ರೈಲು ಉದ್ದ ಮಾಡ್ತಾರೆ. ಲಾಭ ಅವರಿಗೆ, ಕಾಯೋದು ನಾವು.

ಡೀಸೆಲ್_ದಾವಣಗೆರೆ
ಅದನ್ನ ಒಪ್ಪುತೀನಿ.

ಶರಾವತಿ
ಹಾಗಾದ್ರೆ ರಾಜ್ಯದ ಕೈಲಿ ಉಳಿದಿರೋದಾದ್ರೂ ಏನು? ಏನೂ ಇಲ್ವಾ?

ಕಟಕಟೆ
ಬೇಕಾದಷ್ಟಿದೆ. ಹೇಮಾವತಿ ಮೇಡಂ ನೋಡಬೇಕಾದ್ದೂ ಈ ಕಡೆಗೇ ಅನ್ನೋದು ನನ್ನ ಅಭಿಪ್ರಾಯ.

ರೈಲು ಓಡೋದು ಕೇಂದ್ರದ್ದು. ಆದರೆ ಹಳಿಯೂ ರಸ್ತೆಯೂ ಎಲ್ಲಿ ಸೇರಬೇಕು, ಹೊಸ ಕ್ರಾಸಿಂಗ್ ಕೊಡಬೇಕೋ ಬೇಡವೋ, ಹಳೇದು ಮುಚ್ಚಬೇಕೋ, ಬರೀ ಅಡ್ಡಪಟ್ಟಿ ಬೋರ್ಡ್ ಸಾಕೋ ಅಥವಾ ದೀಪ, ಗೇಟ್ ಬೇಕೋ, ಮೇಲ್ಸೇತುವೆ ಕಟ್ಟಿದ್ರೆ ಯಾರು ಎಷ್ಟು ಕೊಡಬೇಕು, ಇದರಲ್ಲಿ ಹೆಚ್ಚಿನದ್ದು ಇವತ್ತಿಗೂ ರಾಜ್ಯದ ಕೈಲೇ ಇದೆ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ರಸ್ತೆಗೆ ಅಡ್ಡ ಹಳಿ ಹಾಕಬೇಕಾದ್ರೆ ಅಲ್ಲಿನ ಪಬ್ಲಿಕ್ ಯುಟಿಲಿಟೀಸ್ ಕಮಿಷನ್ ಒಪ್ಪಿಗೆ ಬೇಕು. ಇಲಿನಾಯಲ್ಲಿ ಕಾಮರ್ಸ್ ಕಮಿಷನ್ ಇದೆ, ಅದಕ್ಕೆ ಕ್ರಾಸಿಂಗ್ ಸುರಕ್ಷತೆಗೆ ಅಂತಲೇ ಪೆಟ್ರೋಲ್ ತೆರಿಗೆಯಿಂದ ಬರೋ ಪ್ರತ್ಯೇಕ ನಿಧಿ ಇದೆ. ಓಹಾಯೊದಲ್ಲಿ ಪಿಯುಸಿಒ (ಅಲ್ಲಿನ ಪಬ್ಲಿಕ್ ಯುಟಿಲಿಟೀಸ್ ಕಮಿಷನ್) ಮತ್ತು ರೈಲ್ ಡೆವಲಪ್‌ಮೆಂಟ್ ಕಮಿಷನ್ ಎರಡೂ ಸೇರಿ ನೋಡಿಕೊಳ್ತವೆ. ದುಡ್ಡಿನ ದೊಡ್ಡ ಪಾಲು ಕೇಂದ್ರದ 130ನೇ ಸೆಕ್ಷನ್ ಕಾರ್ಯಕ್ರಮದ್ದು, 1973ರ ಹೆದ್ದಾರಿ ಕಾಯ್ದೆಯಿಂದ ನಡ್ಕೊಂಡು ಬಂದಿದೆ. ಯಾವ ಕ್ರಾಸಿಂಗ್ ಮೊದಲು ಅಂತ ಆರಿಸೋದು ರಾಜ್ಯ.

ವಾಹನ ಓಡಿಸೋರು ಹೇಗೆ ನಡ್ಕೋಬೇಕು ಅನ್ನೋದೂ ರಾಜ್ಯದ ಕಾನೂನೇ.

ಅಕ್ಕೋರು_ಅರೋರಾ
ಕೊನೇ ಸಾಲಿಗೆ ಸೇರಿಸ್ತೀನಿ. ನಾನು ಇಲಿನಾಯಲ್ಲಿ ಶಾಲಾ ಬಸ್ಸಲ್ಲಿ ಮಕ್ಕಳ ಜತೆ ಹೋಗೋ ಸಹಾಯಕಿ. ಗೇಟ್ ತೆರೆದಿರಲಿ, ದೀಪ ಆರಿರಲಿ, ಹಳಿ ಬಂದ್ರೆ ಬಸ್ ನಿಲ್ಲಲೇಬೇಕು. ಹಳಿಯಿಂದ 15 ಅಡಿಗಿಂತ ಹತ್ತಿರ ಹೋಗಬಾರದು, 50 ಅಡಿಗಿಂತ ದೂರ ನಿಲ್ಲಬಾರದು. ಡ್ರೈವರ್ ಬಾಗಿಲು ತೆಗೀತಾರೆ, ಪಕ್ಕದ ಕಿಟಕಿ ಇಳಿಸ್ತಾರೆ, ಫ್ಯಾನ್ ಆರಿಸ್ತಾರೆ, ಮಕ್ಕಳಿಗೆ "ಶ್" ಅಂತಾರೆ. ಎರಡೂ ಕಡೆ ನೋಡಿ, ಕಿವಿಗೊಟ್ಟು ಕೇಳಿ, ಬಾಗಿಲು ಹಾಕಿ ಆಮೇಲೇ ದಾಟೋದು. ಹಿಂದಿನ ಕಾರಿನೋರು ಹಾರನ್ ಹೊಡೀತಾರೆ, ಹೊಡೀಲಿ.

ಈ ಪದ್ಧತಿ ದೇಶದ ತುಂಬ ಬಿಗಿಯಾಗಿದ್ದಕ್ಕೆ ಒಂದು ಹಿನ್ನೆಲೆ ಇದೆ. 1938ರ ಡಿಸೆಂಬರ್ 1ರಂದು ಯೂಟಾದಲ್ಲಿ ಹಿಮಗಾಳಿ ಬೀಸೋವಾಗ ಶಾಲಾ ಬಸ್ಸಿಗೆ ಗೂಡ್ಸ್ ಬಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹೋದರು. ಬಸ್ ನಿಂತಿತ್ತು, ಡ್ರೈವರ್‌ಗೆ ಹಿಮದಲ್ಲಿ ರೈಲು ಕಾಣಲಿಲ್ಲ. ಬಾಗಿಲು ತೆಗೆದು ಕೇಳೋ ನಿಯಮ ಗಟ್ಟಿಯಾಗಿದ್ದು ಆಮೇಲೆ.

ನಮ್ಮ ರಾಜ್ಯದ್ದೇ ಇನ್ನೊಂದು, ಫಾಕ್ಸ್ ರಿವರ್ ಗ್ರೋವ್, 1995ರ ಅಕ್ಟೋಬರ್ 25. ಬಸ್ ಹಳಿ ದಾಟಿ ಹೆದ್ದಾರಿಯ ಕೆಂಪು ದೀಪಕ್ಕೆ ನಿಂತಿತ್ತು. ಹಳಿಗೂ ದೀಪಕ್ಕೂ ಇದ್ದ ಜಾಗದಲ್ಲಿ ಇಡೀ ಬಸ್ ಹಿಡಿಸುತ್ತಿರಲಿಲ್ಲ, ಹಿಂಭಾಗ ಹಳಿಯ ಮೇಲೇ ಉಳಿದಿತ್ತು. ಡ್ರೈವರ್‌ಗೆ ಅದು ಗೊತ್ತೇ ಆಗಲಿಲ್ಲ. ರೈಲು ಬರ್ತಿದೆ ಅಂತ ಗೊತ್ತಾಗಿ ರಸ್ತೆ ದೀಪ ಹಸಿರಾಗೋಕೆ ಇದ್ದ ಸಮಯ ಸಾಲಲಿಲ್ಲ. 7 ಮಕ್ಕಳು ಸತ್ತರು. ಹಳಿ ಪಕ್ಕದ ರಸ್ತೆ ದೀಪಕ್ಕೂ ರೈಲು ಸಿಗ್ನಲ್‌ಗೂ ಇರೋ ಹೊಂದಾಣಿಕೆಯನ್ನ ದೇಶವೇ ಮತ್ತೆ ಪರಿಶೀಲಿಸಿತು.

ಶರಾವತಿ
ಓದ್ತಾ ಗಂಟಲು ಕಟ್ತು ಅಕ್ಕೋರೆ. ನೀವು ಮಾಡ್ತಿರೋ ಕೆಲಸಕ್ಕೆ ನಮಸ್ಕಾರ.

ಕೃಷ್ಣಾ_ಕಾನ್ಸಸ್
ಕ್ರಾಸಿಂಗ್ ಎಲ್ಲಿ, ಹೇಗೆ ಅನ್ನೋದು ಎಷ್ಟು ಮುಖ್ಯ ಅಂತ ತಿಳ್ಕೊಬೇಕಾದ್ರೆ ಪಕ್ಕದ ಮಿಸ್ಸೂರಿಯ ಮೆಂಡನ್ ನೋಡಿ. 2022ರ ಜೂನ್ 27. ಹೊಲಗಳ ನಡುವೆ ಜಲ್ಲಿ ರಸ್ತೆ, ಗೇಟಿಲ್ಲ, ದೀಪ ಇಲ್ಲ, ಗಂಟೆ ಇಲ್ಲ. ಹಳಿ ಎತ್ತರದಲ್ಲಿದೆ, ರಸ್ತೆ ಕಡಿದಾಗಿ ಏರುತ್ತೆ, ಅದೂ ನೇರವಾಗಿ ಅಲ್ಲ, ಓರೆಯಾಗಿ ಸೇರುತ್ತೆ. ತುಂಬಿದ ಟಿಪ್ಪರ್‌ಗೆ ಆಮ್‌ಟ್ರಾಕ್ ಪ್ರಯಾಣಿಕರ ರೈಲು ಬಡೀತು. 4 ಜನ ಸತ್ತರು, ಸುಮಾರು 150 ಜನಕ್ಕೆ ಗಾಯ. ತನಿಖೆ ಮಾಡಿದ ಕೇಂದ್ರದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಆ ಏರು, ಆ ಓರೆ ಎರಡನ್ನೂ ಹೆಸರಿಸಿ ದೂಷಿಸಿತು. ಆ ಕ್ರಾಸಿಂಗ್ ಆಮೇಲೆ ಮುಚ್ಚಿದರು, ಮಿಸ್ಸೂರಿ ಶಾಸನಸಭೆ ಇಂಥ ಕ್ರಾಸಿಂಗ್‌ಗಳ ಸುಧಾರಣೆಗೆ 5 ಕೋಟಿ ಡಾಲರ್ ಇಟ್ಟಿತು.

ಊರಿನವರು ಮೊದಲೇ ಅಪಾಯ ಅಂತ ಹೇಳ್ತಾ ಇದ್ರು. ಹೇಳಿದ್ದನ್ನ ಕೇಳೋಕೆ ಹೆಣ ಬೀಳಬೇಕಿತ್ತಾ?

ನಿದ್ದೆಗೇಡಿ_ನೇಪರ್‌ವಿಲ್
ಕ್ರಾಸಿಂಗ್ ಮಾತು ಬಂತಲ್ಲ, ನನ್ನದೂ ಒಂದು. ರಾತ್ರಿ ಎರಡು ಗಂಟೆಗೆ ಹಾರನ್ ಹೊಡೆದು ಹೊಡೆದು ಮಗು ಎಬ್ಬಿಸ್ತಾರೆ. ಗೇಟ್ ಇದೆ, ದೀಪ ಇದೆ, ಆದ್ರೂ ಯಾಕೆ ಹಾರನ್?

ಡೀಸೆಲ್_ದಾವಣಗೆರೆ
ಕಾನೂನು. ಕ್ರಾಸಿಂಗ್‌ಗೆ 15ರಿಂದ 20 ಸೆಕೆಂಡ್ ಮುಂಚೆ ಶುರು ಮಾಡಬೇಕು: ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ. ಬೇಡ ಅಂದ್ರೆ ನಿಮ್ಮೂರಿನವರು "ಕ್ವಯಟ್ ಝೋನ್"ಗೆ ಅರ್ಜಿ ಹಾಕಬಹುದು, 2005ರಿಂದ ಆ ನಿಯಮ ಇದೆ. ಬದಲಿಗೆ ನಾಲ್ಕು ಕಡೆಯೂ ಮುಚ್ಚೋ ಗೇಟ್ ಅಥವಾ ರಸ್ತೆ ಮಧ್ಯೆ ವಿಭಜಕ, ಇಂಥವನ್ನ ಊರೇ ಖರ್ಚು ಹಾಕಿ ಮಾಡಿಸಬೇಕು.

ಅಕ್ಕೋರು_ಅರೋರಾ
ನಿದ್ದೆ ಕೆಟ್ಟರೆ ಪರವಾಗಿಲ್ಲ, ಹಾರನ್ ಇರಲಿ ಅನ್ನೋಳು ನಾನು.

ನಿದ್ದೆಗೇಡಿ_ನೇಪರ್‌ವಿಲ್
ಅಕ್ಕೋರೆ, ಹಾಗೇ ಸುಮ್ಮನಿರಿ ಅಂದ್ರೆ ಹೇಗೆ? ನಾಲ್ಕು ಕಡೆ ಗೇಟ್ ಹಾಕಿದ್ರೆ ಅಪಾಯವೂ ಕಡಿಮೆ, ಸದ್ದೂ ಕಡಿಮೆ. ಎರಡೂ ಕೇಳೋದು ತಪ್ಪಲ್ಲ.

ಟಿಳಕವಾಡಿ_ಮಂದಿ
ಅಲ್ರೀ, ಮುಕ್ಕಾಲು ತಾಸು ಅಂತ ಬರದೀರಿ, ನಮ್ಮ ಬೆಳಗಾವ್ಯಾಗ ಟಿಳಕವಾಡಿ ಒಂದನೇ ಗೇಟ್, ಎರಡನೇ ಗೇಟ್ ಮುಂದ ನಿಂತು ನೋಡ್ರಿ. ಮೂರನೇ ಗೇಟಿಗೆ ಬ್ರಿಡ್ಜ್ ಆತು, ಅಲ್ಲಿ ಸ್ವಲ್ಪ ಆರಾಮ. ಗೇಟ್ ಬಿದ್ರ ಸಾಕು, ಎರಡೂ ಕಡೆ ಬೈಕಿನವರು ರಸ್ತಾದ ಬಲಗಡೀನೂ ತುಂಬಿಬಿಡ್ತಾರ. ಗೇಟ್ ಎತ್ತಿದ ಮ್ಯಾಲ ಎದುರಾಬದುರು ಸಿಕ್ಕೊಂಡು ಯಾರೂ ಹೊರಳಂಗಿಲ್ಲ. ರೈಲು ಹೋಗಿ ಹತ್ತು ನಿಮಿಷ ಆದ್ರೂ ಹಳಿ ಮ್ಯಾಲೆ ಗಾಡಿ ನಿಂತಿರ್ತಾವು. ಇದಕ್ಕ ಕಾನೂನು ಇಲ್ಲೇನು?

ಪಾಂಡೇಶ್ವರ_ಪ್ಯಾಸೆಂಜರ್
ಮಾರಾಯ್ರೆ, ನಮ್ಮ ಮಂಗಳೂರು ಪಾಂಡೇಶ್ವರ ಗೇಟ್ ಬಿಟ್ಟಿರಾ? ಪೇಟೆ ಮಧ್ಯೆ ಗೇಟ್ ಉಂಟು. ಆಫೀಸಿಗೆ ಹೋಗುವ ಹೊತ್ತಿಗೆ ಸರಿಯಾಗಿ ಹಾಕ್ತಾರೆ.

ಡೀಸೆಲ್_ದಾವಣಗೆರೆ
ಗೇಟ್ ಮಾತು ಬಂದ ಮೇಲೆ ದಾವಣಗೆರೆ ಅಶೋಕ ಟಾಕೀಸ್ ಗೇಟ್ ಹೆಸರು ಎತ್ತದೆ ಇರೋಕಾಗಲ್ಲ. ನಾವು ಹುಡುಗರಾಗಿದ್ದಾಗಿಂದ ಅದೇ ಗೋಳು. ಗೇಟ್ ಹಾಕಿದ ತಕ್ಷಣ ಕಡಲೆಕಾಯಿ ಬುಟ್ಟಿಯೋರು, ಉಪ್ಪು ಖಾರ ಸವರಿದ ಸೌತೆಕಾಯಿಯೋರು ಬಸ್ಸಿನ ಕಿಟಕಿಗೆ ಬರೋರು.

ಗೇಟ್‌ಮನ್_ಮಗ
ಅಪ್ಪ ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ರು, ಹಾಸನ ಕಡೆ. ಗೇಟ್‌ಮನ್ ಬೇಕಂತಲೇ ಮುಚ್ಚಿಡ್ತಾನೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ತಪ್ಪು, ಸ್ವಲ್ಪ ಬಿಡಿಸಿ ಹೇಳ್ತೀನಿ.

ರೈಲು ಬರೋ ಮುಂಚೆ ಸ್ಟೇಷನ್ ಮಾಸ್ಟರ್ ಗೇಟಿಗೆ ಫೋನ್ ಮಾಡ್ತಾರೆ. ಗೇಟ್ ಹಾಕಿದ್ದಕ್ಕೆ ಖಾತ್ರಿಯಾಗಿ ಗೇಟ್‌ಮನ್ ಒಂದು ಪ್ರೈವೇಟ್ ನಂಬರ್ ಕೊಡಬೇಕು, ಎರಡೂ ಕಡೆ ಪುಸ್ತಕದಲ್ಲಿ ಬರ್ಕೋತಾರೆ. ಇಂಟರ್‌ಲಾಕ್ ಇರೋ ಗೇಟಲ್ಲಿ ಇನ್ನೂ ಬಿಗಿ: ಗೇಟ್ ಬಿದ್ದು ಬೀಗ ಕೂರೋ ತನಕ ಸಿಗ್ನಲ್ ಹಸಿರಾಗಲ್ಲ, ಸಿಗ್ನಲ್ ಕೊಟ್ಟ ಮೇಲೆ ರೈಲು ದಾಟೋ ತನಕ ಗೇಟ್ ಎತ್ತೋಕೆ ಬರಲ್ಲ. ಮದುವೆ ದಿಬ್ಬಣ ಬಂದ್ರೂ ಅಷ್ಟೇ, ಮಂತ್ರಿ ಕಾರು ಬಂದ್ರೂ ಅಷ್ಟೇ. ಜನ ಬೈಕ್ ಮಲಗಿಸಿಕೊಂಡು ಗೇಟ್ ಅಡಿ ನುಸುಳೋರು. ಅಪ್ಪ ಹಸಿರು, ಕೆಂಪು ಬಾವುಟ ಎರಡನ್ನೂ ಒಂದೇ ಕೈಲಿ ಹಿಡ್ಕೊಂಡು, ಇನ್ನೊಂದು ಕೈಲಿ ಅವರನ್ನ ಹಿಂದಕ್ಕೆ ತಳ್ಳೋರು. ಬೈಗುಳ ತಿಂದಿದ್ದಕ್ಕೆ ಲೆಕ್ಕ ಇಲ್ಲ.

ಟಿಳಕವಾಡಿ_ಮಂದಿ
ಇದು ಗೊತ್ತಿರಲಿಲ್ಲ ನೋಡ್ರಿ. ಹಸಿರು ಸಿಗ್ನಲ್ ಕೊಟ್ಟ ಮ್ಯಾಲ ಗೇಟ್ ಎತ್ತಾಕ ಬರೂದಿಲ್ಲ ಅನ್ನೂದು ಎಲ್ಲಾರಿಗೂ ತಿಳೀಬೇಕು.

ಕಟಕಟೆ
ಟಿಳಕವಾಡಿಯವರೇ, ಕಾನೂನು ಇದೆ. ಭಾರತದಲ್ಲಿ ರೈಲ್ವೆ ಕೇಂದ್ರ ಪಟ್ಟಿಯಲ್ಲಿದೆ, ರಸ್ತೆ ಹೆಚ್ಚಾಗಿ ರಾಜ್ಯ ಪಟ್ಟಿಯಲ್ಲಿ. 1989ರ ರೈಲ್ವೆ ಕಾಯ್ದೆ ಪ್ರಕಾರ ಗೇಟ್ ಹಾಕಿ, ಆಳು ಇಡಿ, ಮೇಲ್ಸೇತುವೆ ಮಾಡಿ ಅಂತ ಹೇಳೋ ಅಧಿಕಾರ ಕೇಂದ್ರ ಸರ್ಕಾರದ್ದು. ಮುಚ್ಚಿದ ಗೇಟನ್ನ ಬೇರೆಯವರು ತೆರೆದರೆ 160ನೇ ಸೆಕ್ಷನ್ ಅಡಿ 3 ವರ್ಷದ ತನಕ, ಮುರಿದರೆ 5 ವರ್ಷದ ತನಕ ಜೈಲು. ಕಾವಲಿಲ್ಲದ ಗೇಟಿನ ವಿಷಯಕ್ಕೆ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಇದೆ: ವಾಹನ ನಿಲ್ಲಿಸಬೇಕು, ಕಂಡಕ್ಟರ್ ಅಥವಾ ಕ್ಲೀನರ್ ಇಳಿದು ಹಳಿ ತನಕ ನಡೆದು ಎರಡೂ ಕಡೆ ನೋಡಿ ದಾಟಿಸಬೇಕು, ಅಂಥ ಯಾರೂ ಇಲ್ಲದಿದ್ದರೆ ಡ್ರೈವರೇ ಇಳಿದು ನೋಡಬೇಕು.

ಮಂಡ್ಯ_ಟು_ಮಿಚಿಗನ್
ಈಗ ಕಾವಲಿಲ್ಲದ ಗೇಟ್ ಎಲ್ಲಿದೆ? ಬ್ರಾಡ್‌ಗೇಜಲ್ಲಿ ಎಲ್ಲಾ ತೆಗೆದ್ರಲ್ಲ.

ಗೇಟ್‌ಮನ್_ಮಗ
ಹೌದು, 2019ರ ಜನವರಿ 31ಕ್ಕೆ ಬ್ರಾಡ್‌ಗೇಜಲ್ಲಿ ಕೊನೇದೂ ಹೋಯ್ತು. ಅದಕ್ಕೆ ವೇಗ ಬಂದಿದ್ದು 2018ರ ಏಪ್ರಿಲಲ್ಲಿ ಉತ್ತರ ಪ್ರದೇಶದ ಕುಶೀನಗರದಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತ ಮೇಲೆ. ಅದಕ್ಕೂ ಮುಂಚೆ 2014ರಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲೂ ಶಾಲಾ ಬಸ್ಸೇ.

ಆದರೆ ಆಳು ಇದ್ದ ಮಾತ್ರಕ್ಕೆ ಮುಗೀಲಿಲ್ಲ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರ ಸೆಮ್ಮಂಕುಪ್ಪದಲ್ಲಿ ಗೇಟ್‌ಮನ್ ಇದ್ದ ಗೇಟಲ್ಲೇ ಶಾಲಾ ವ್ಯಾನಿಗೆ ರೈಲು ಬಡೀತು, 3 ಮಕ್ಕಳು ಹೋದರು. ಆ ಗೇಟಿಗೆ ಇಂಟರ್‌ಲಾಕ್ ಇರಲಿಲ್ಲ. ಅಂದ್ರೆ ಗೇಟ್ ತೆರೆದಿದ್ರೂ ಸಿಗ್ನಲ್‌ಗೆ ಗೊತ್ತಾಗಲ್ಲ, ಎಲ್ಲಾ ಒಬ್ಬ ಮನುಷ್ಯನ ಮೇಲೆ. ಆಮೇಲೆ ಇಂಟರ್‌ಲಾಕ್ ಮಾಡೋ ಮಿತಿಯನ್ನ 20,000 ಟಿವಿಯುನಿಂದ 10,000ಕ್ಕೆ ಇಳಿಸಿದ್ರು, ಗೇಟ್‌ಗಳಿಗೆ ಸಿಸಿಟಿವಿ ಹಾಕಿ ಅಂದ್ರು. ಎಲ್ಲಾ ಗೇಟಿಗೂ ಇಂಟರ್‌ಲಾಕ್ ಆಗಬೇಕು ಅನ್ನೋದು ನಮ್ಮಪ್ಪನ ಮಾತು, ನನ್ನದೂ ಅದೇ.

ಶರಾವತಿ
ಟಿವಿಯು ಅಂದ್ರೆ?

ಗೇಟ್‌ಮನ್_ಮಗ
ದಿನಕ್ಕೆ ಎಷ್ಟು ರೈಲು, ಎಷ್ಟು ವಾಹನ ದಾಟುತ್ತೆ ಅಂತ ಎಣಿಸಿ ಒಂದಕ್ಕೊಂದು ಗುಣಿಸೋದು. ಕಾರು, ಲಾರಿ, ಎತ್ತಿನ ಗಾಡಿ ತಲಾ ಒಂದು, ಆಟೊ ಅರ್ಧ, ಬೈಕು ಕಾಲು. 40 ರೈಲು, 2,500 ವಾಹನ ಅಂದ್ರೆ 1 ಲಕ್ಷ. ರೈಲ್ವೆಯೂ ರಾಜ್ಯವೂ ಅರ್ಧರ್ಧ ಹಾಕಿ ಸೇತುವೆ ಮಾಡೋಕೆ ಹಿಂದಿನಿಂದ ಹಿಡಿದಿದ್ದ ಗೆರೆ ಆ 1 ಲಕ್ಷ.

ಟಿಳಕವಾಡಿ_ಮಂದಿ
ಅರ್ಧರ್ಧ ಅನ್ನೂದ ತಕರಾರು ನೋಡ್ರಿ. ರೈಲ್ವೆಯವರು ತಮ್ಮ ಹಳಿ ಮ್ಯಾಲಿನ ಭಾಗ ಕಟ್ಟಿ ನಿಲ್ಲಿಸ್ತಾರ, ಎರಡೂ ಕಡೆ ಇಳಿಜಾರು ರಸ್ತಾ ರಾಜ್ಯದ್ದು, ಅದಕ್ಕ ಭೂಸ್ವಾಧೀನ ಆಗಂಗಿಲ್ಲ. ಸೇತುವೆ ನಡಬರಕ ನಿಂತಿರತೈತಿ.

ಪಾಂಡೇಶ್ವರ_ಪ್ಯಾಸೆಂಜರ್
ಮೇಲ್ಸೇತುವೆ ಆದರೂ ಪರವಾಗಿಲ್ಲ. ಗೇಟ್ ತೆಗೆದು ಅಂಡರ್‌ಪಾಸ್ ಮಾಡಿದ ಕಡೆ ಮಳೆಗಾಲದಲ್ಲಿ ಹೋಗಿ ನೋಡಿ. ನಮ್ಮ ಅಜ್ಜಿಮನೆ ಊರಲ್ಲಿ ಮಾಡಿದ್ದಾರೆ. ಜೂನ್ ಬಂತೆಂದರೆ ಸೊಂಟದವರೆಗೆ ಕೆಂಪು ನೀರು, ಗೋಡೆಯಲ್ಲಿ ಹಳೆ ನೀರಿನ ಗೆರೆ ಮೇಲೆ ಹೊಸ ಗೆರೆ. ಪಂಪ್ ಉಂಟು, ಕರೆಂಟ್ ಇಲ್ಲ. ರೈಲ್ವೆಯವರಿಗೆ ಹೇಳಿದರೆ ಪಂಚಾಯತ್ ಎನ್ನುತ್ತಾರೆ, ಪಂಚಾಯತಿಗೆ ಹೋದರೆ ರೈಲ್ವೆ ಎನ್ನುತ್ತಾರೆ. ಮಕ್ಕಳು ಶಾಲೆಗೆ ಹಳಿ ದಾಟಿಕೊಂಡೇ ಹೋಗುವುದು. ಗೇಟ್ ಇದ್ದಾಗ ಇದಕ್ಕಿಂತ ಸುರಕ್ಷಿತವಾಗಿತ್ತು ಎಂದು ಅಜ್ಜಿ ಹೇಳುವುದರಲ್ಲಿ ತಪ್ಪೇನಿಲ್ಲ.

ಗ್ಯಾರಿ_ಗೌಡ
ಅಲ್ಲೂ ಮಕ್ಕಳು ಹಳಿ ಮೇಲೇ, ಇಲ್ಲೂ ಮಕ್ಕಳು ಡಬ್ಬಿ ಅಡಿಯಲ್ಲೇ. ಅಧಿಕಾರ ಎರಡು ಕಡೆ ಹಂಚಿ ಹೋದಲ್ಲೆಲ್ಲಾ ಹೀಗೇ ಆಗ್ತಿದೆ.

ಹೇಮಾವತಿ_ದಡ
ಎಲ್ಲರಿಗೂ ಧನ್ಯವಾದ, ಇಷ್ಟು ತಿಳಿಯುತ್ತೆ ಅಂದ್ಕೊಂಡಿರಲಿಲ್ಲ. ಕಟಕಟೆ ಸರ್, ಕೇಸ್ ಹಾಕೋ ದಾರಿ ಇಲ್ಲ ಅಂತಾಯ್ತು. ಹಾಗಾದ್ರೆ ನಾನು ಮಾಡಬಹುದಾದ್ದು ಏನು? ಮುಂದಿನ ವಾರ ಟೌನ್‌ಶಿಪ್ ಸಭೆ ಇದೆ, ಹೋಗ್ತೀನಿ. ಪಕ್ಕದ ಮನೆ ನರ್ಸ್ ಕೂಡ ಬರ್ತಾರೆ.

ಕಟಕಟೆ
ಒಳ್ಳೇದು ಮೇಡಂ. ಕ್ರಾಸಿಂಗ್ ಹತ್ತಿರ ಒಂದು ಸಣ್ಣ ನೀಲಿ ಫಲಕ ಇರುತ್ತೆ, ಅದರಲ್ಲಿ ಕಂಪನಿಯ ತುರ್ತು ಫೋನ್ ನಂಬರ್, ಆ ಕ್ರಾಸಿಂಗ್‌ದೇ ಆದ ಗುರುತಿನ ಸಂಖ್ಯೆ ಇರುತ್ತೆ. ಫೋಟೊ ತೆಗೆದಿಟ್ಕೊಳಿ. ಕಾರು ಹಳಿ ಮೇಲೆ ಸಿಕ್ಕಿಕೊಂಡ್ರೂ ಮೊದಲು ಇಳಿದು ದೂರ ಹೋಗಿ ಆ ನಂಬರಿಗೇ ಫೋನ್ ಮಾಡಬೇಕು, ಬರೋ ರೈಲನ್ನ ತಡೆಯೋಕೆ ಅವರಿಗೇ ಸಾಧ್ಯ.

ರೈಲು ನಿಂತಾಗಲೆಲ್ಲ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್‌ನ ಪೋರ್ಟಲ್‌ನಲ್ಲಿ ಅದೇ ಸಂಖ್ಯೆ ಹಾಕಿ ವರದಿ ಮಾಡಿ. 2019ರ ಡಿಸೆಂಬರಿಂದ ಇದೆ. ಅದರಿಂದ ದಂಡ ಬೀಳಲ್ಲ, ಆದರೆ ದಾಖಲೆ ಆಗುತ್ತೆ. ಬಡಾವಣೆಯವರೆಲ್ಲ ಹಾಕಲಿ, ಒಬ್ಬರೇ ಹಾಕಿದ್ರೆ ಸಾಲದು.

ಸಭೆಯಲ್ಲಿ ಕೇಳಬೇಕಾದ್ದು ಸೇತುವೆ. 2021ರ ಮೂಲಸೌಕರ್ಯ ಕಾಯ್ದೆಯಲ್ಲಿ ಕ್ರಾಸಿಂಗ್ ತೆಗೆದುಹಾಕೋಕೆ ಅಂತಲೇ ಐದು ವರ್ಷಕ್ಕೆ 300 ಕೋಟಿ ಡಾಲರ್ ಇಟ್ಟಿದ್ರು, ಯೋಜನೆ ಖರ್ಚಿನ ಕನಿಷ್ಠ 20 ಶೇಕಡಾ ಸ್ಥಳೀಯರು ಹೊಂದಿಸಬೇಕು. ಆ ಪಾಲಿಗೆ ಓಹಾಯೊ 2023ರಲ್ಲಿ ರಾಜ್ಯದ ಬಜೆಟ್ಟಲ್ಲೇ ಹಣ ಇಟ್ಟಿತ್ತು. ಈಗ ಯಾವ ಸುತ್ತಿನ ಅರ್ಜಿ ತೆರೆದಿದೆ ಅಂತ ರೈಲ್ ಡೆವಲಪ್‌ಮೆಂಟ್ ಕಮಿಷನ್‌ಗೆ ಟೌನ್‌ಶಿಪ್ಪಿನಿಂದಲೇ ಪತ್ರ ಹೋಗಲಿ.

ಡೀಸೆಲ್_ದಾವಣಗೆರೆ
ಇನ್ನೊಂದು ಸೇರಿಸಿ. ಸೇತುವೆ ಆಗೋಕೆ ವರ್ಷಗಟ್ಟಲೆ ಬೇಕು. ಅಲ್ಲೀ ತನಕ ರೈಲು ನಿಂತ ತಕ್ಷಣ ಕಂಪನಿಯ ಡಿಸ್ಪ್ಯಾಚರ್ 911 ಕೇಂದ್ರಕ್ಕೆ ತಿಳಿಸೋ ಏರ್ಪಾಡು ಕೇಳಿ. ಆಗ ಆಂಬುಲೆನ್ಸ್ ಹಳಿ ತನಕ ಬಂದು ವಾಪಸ್ ತಿರುಗೋದು ತಪ್ಪುತ್ತೆ, ಮೊದಲೇ ಸುತ್ತು ದಾರಿ ಹಿಡೀತಾರೆ.

ಅಕ್ಕೋರು_ಅರೋರಾ
ಹಳಿಯ ಈ ಕಡೆಗೂ ಒಂದು ಆಂಬುಲೆನ್ಸ್ ನಿಲ್ಲಿಸಿ ಅಂತಲೂ ಕೇಳಿ. ಅದಕ್ಕೆ ಯಾವ ಕೋರ್ಟಿನ ಒಪ್ಪಿಗೆಯೂ ಬೇಡ.

ಹೇಮಾವತಿ_ದಡ
ಎರಡನ್ನೂ ಬರ್ಕೊಂಡೆ. ಇವತ್ತೇ ಬಡಾವಣೆಯವರ ಸಹಿ ಸಂಗ್ರಹ ಶುರು ಮಾಡ್ತೀನಿ.

ಪಾಂಡೇಶ್ವರ_ಪ್ಯಾಸೆಂಜರ್
ನಮ್ಮಲ್ಲಿ ಈ ನೀಲಿ ಫಲಕದ ಹಾಗೆ ಏನಾದರೂ ಉಂಟಾ? ಅಂಡರ್‌ಪಾಸ್ ವಿಷಯ ಎಲ್ಲಿ ಹೇಳುವುದು?

ಗೇಟ್‌ಮನ್_ಮಗ
139ಕ್ಕೆ ಫೋನ್ ಮಾಡಿ, ಇಲ್ಲಾಂದ್ರೆ ರೈಲ್ವೆಯ ದೂರು ಆ್ಯಪ್ ರೈಲ್ ಮದದ್‌ನಲ್ಲಿ ಬರೀರಿ. ಗೇಟ್ ಇರೋ ಕಡೆ ಗೇಟ್‌ಮನ್ ಕೋಣೆ ಮೇಲೆ ಎಲ್‌ಸಿ (ಲೆವೆಲ್ ಕ್ರಾಸಿಂಗ್) ನಂಬರ್ ಬರೆದಿರುತ್ತೆ, ಅಂಡರ್‌ಪಾಸ್ ಆದ್ರೆ ಗೋಡೆ ಮೇಲೆ ಬ್ರಿಡ್ಜ್ ನಂಬರ್ ಹುಡುಕಿ. ಆ ನಂಬರ್, ಎರಡೂ ಕಡೆಯ ಸ್ಟೇಷನ್ ಹೆಸರು, ನೀರು ನಿಂತ ಫೋಟೊ, ಮೂರನ್ನೂ ಹಾಕಿ. ಅದೇ ಪ್ರತಿಯನ್ನ ಪಂಚಾಯಿತಿ ಪಿಡಿಒಗೂ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ.